ಯೂಟ್ಯೂಬ್‌ನ ಮೋಸದ ಜಾಹೀರಾತು: ಕೊಡಗಿನ ತೋಟದವರು ಹಣ ಕಟ್ಟುವ ಮುನ್ನ

ಕಾಫಿ ಕುಯ್ಲು ಮುಗಿದು ಕೈಯಲ್ಲಿ ಹಣವಿರುವಾಗ ಎರಡು ಬಗೆಯ ಜಾಹೀರಾತುಗಳ ಬಗ್ಗೆ ಎಚ್ಚರವಿರಲಿ: ಷೇರಿನ ಆ್ಯಪ್, ತೋಟದ ಔಷಧಿ. ನೀವು ನಂಬುವ ಚಾನೆಲ್‌ನ ನಡುವೆಯೇ ಬಂದರೂ ಅದನ್ನು ಹಾಕಿದವರು ಬೇರೆ. ಚಾನೆಲ್ ಮೇಲಿನ ನಂಬಿಕೆಯನ್ನು ಜಾಹೀರಾತಿಗೆ ಕೊಡಬೇಡಿ.

ಮೊದಲು ಹಾಕಿದವರು ಯಾರೆಂದು ನೋಡಿ. ಜಾಹೀರಾತು ಓಡುತ್ತಿರುವಾಗಲೇ ಮೂರು ಚುಕ್ಕೆ ಅಥವಾ ‘ಐ’ ಗುರುತು ಒತ್ತಿದರೆ ಮೈ ಆ್ಯಡ್ ಸೆಂಟರ್ ತೆರೆಯುತ್ತದೆ. ಜಾಹೀರಾತುದಾರರ ಹೆಸರು, ದೇಶ ಅಲ್ಲಿರುತ್ತದೆ. ಹೇಳಿಕೊಳ್ಳುವುದು ಬೆಂಗಳೂರಿನ ಕಂಪನಿ, ಹೆಸರು ಎಲ್ಲೋ ಹೊರದೇಶದ್ದು ಎಂದಾದರೆ ಅಲ್ಲಿಗೇ ಬಿಡಿ. ‘ವೆರಿಫೈಡ್’ ಎಂದಿದ್ದರೂ ದಾಖಲೆ ಕೊಟ್ಟಿದ್ದಾರೆ ಎಂದಷ್ಟೇ ಅರ್ಥ. ಸರಕು ಅಸಲಿ ಎಂದಲ್ಲ. ‘ರಿಪೋರ್ಟ್ ಆ್ಯಡ್’ ಕೂಡ ಅಲ್ಲೇ ಇದೆ. ಜಾಹೀರಾತು ಹೋದಮೇಲೆ ಹುಡುಕಿದರೆ ಸಿಗುವುದು ಕಷ್ಟ, ಹಾಗಾಗಿ ಸ್ಕ್ರೀನ್‌ಶಾಟ್ ತೆಗೆದಿಡಿ.

ಷೇರಿನ ಜಾಹೀರಾತಿನಲ್ಲಿ ಪರಿಚಿತ ಮುಖವೇ ಗಾಳ. ನಾರಾಯಣ ಮೂರ್ತಿಯವರ ಮುಖ, ದನಿ ತಿರುಚಿ ಟ್ರೇಡಿಂಗ್ ಆ್ಯಪ್‌ಗಳಿಗೆ ಬಳಸಿದಾಗ, ಅವು ನಕಲಿ ಎಂದು 2023ರ ಡಿಸೆಂಬರ್‌ನಲ್ಲಿ ಅವರೇ ಎಚ್ಚರಿಸಿದ್ದರು. ತುಟಿ ಮತ್ತು ಮಾತು ಹೊಂದದಿರುವುದನ್ನು ಗಮನಿಸಿ, ಆದರೆ ಅದೊಂದನ್ನೇ ನೆಚ್ಚಬೇಡಿ; ಈಗಿನವು ಚೆನ್ನಾಗಿಯೇ ಹೊಂದುತ್ತವೆ. ಮುಂದಿನ ನಡೆ ನೋಡಿ: ವಾಟ್ಸಾಪ್ ಅಥವಾ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ, ಪ್ಲೇ ಸ್ಟೋರ್‌ನ ಹೊರಗಿನ ಎಪಿಕೆ (ನೇರವಾಗಿ ಫೋನ್‌ಗೆ ಹಾಕುವ ಆ್ಯಪ್ ಫೈಲ್) ಹಾಕಿಸುತ್ತಾರೆ, ಪ್ರತಿ ಸಲ ಬೇರೆ ಖಾತೆಗೆ ಹಣ ಕೇಳುತ್ತಾರೆ. ಮೊದಲು ಸಣ್ಣ ಮೊತ್ತ ವಾಪಸ್ ಕೊಡುವುದು ನಂಬಿಸಲಿಕ್ಕೆ. ದೊಡ್ಡದನ್ನು ತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಹಣ ಹಾಕುವ ಮುನ್ನವೇ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಹೆಸರಿದ್ದರೂ ಬೇರೆಯವರ ಹೆಸರು, ನೋಂದಣಿ ಸಂಖ್ಯೆ ಕದ್ದಿರಬಹುದು, ಪಟ್ಟಿಯಲ್ಲಿರುವ ಫೋನ್‌ಗೇ ಕರೆ ಮಾಡಿ.

ಔಷಧಿಯದು ಇನ್ನೂ ನೋವಿನ ಮಾತು, ಏಕೆಂದರೆ ಹಣದ ಜೊತೆ ಹಂಗಾಮೂ ಹೋಗುತ್ತದೆ. ‘ಒಂದೇ ಸಿಂಪರಣೆಗೆ ಬಿಳಿ ಕಾಂಡಕೊರಕ ನಾಶ’ ಎಂದರೆ ನಂಬಬೇಡಿ. ಹುಳು ಅರೇಬಿಕಾ ಗಿಡದ ಕಾಂಡದೊಳಗೆ ಸುರಂಗ ಕೊರೆದು ಕೂತಿರುತ್ತದೆ. ಎಲೆಗೆ ಹೊಡೆದದ್ದು ಅದಕ್ಕೆ ತಗಲುವುದಿಲ್ಲ. ಆ ಹುಳು ದುಂಬಿಯಾಗಿ ಹೊರಬಂದು ಹಾರುವ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ಗೆ ಮುಂಚೆ ಹುಳು ಬಿದ್ದ ಗಿಡ ಗುರುತಿಸಿ ಕಿತ್ತು ಸುಡಬೇಕು. ಕರಿಮೆಣಸಿನ ಶೀಘ್ರ ಸೊರಗು ರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ (100 ಲೀಟರ್ ನೀರಿಗೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ.) ಮುನ್ನವೇ ಹೊಡೆದರೆ ತಡೆ. ಪೂರ್ತಿ ಒಣಗಿದ ಬಳ್ಳಿಯನ್ನು ಚಿಗುರಿಸುವ ಔಷಧಿ ಯಾವುದೂ ಇಲ್ಲ. ಕೀಟನಾಶಕದ ಡಬ್ಬಿಯ ಮೇಲೆ ನೋಂದಣಿ ಸಂಖ್ಯೆ, ತಯಾರಕರ ವಿಳಾಸ, ಬ್ಯಾಚ್, ಅವಧಿ ಕಾಣದಿದ್ದರೆ ತರಿಸಬೇಡಿ. ಅನುಮಾನ ಬಂದರೆ ಲೇಬಲ್‌ನ ಫೋಟೊ ಹಿಡಿದು ಕಾಫಿಗೆ ಚೆಟ್ಟಳ್ಳಿಯ ಸಂಶೋಧನಾ ಉಪಕೇಂದ್ರದಲ್ಲಿ, ಮೆಣಸು–ಏಲಕ್ಕಿಗೆ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರದಲ್ಲಿ ಕೇಳಿ.

ಹಣ ಹೋಗಿಬಿಟ್ಟರೆ ಯಾರನ್ನೂ ಕೇಳುತ್ತ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ತಡೆಹಿಡಿಯಲು ನಿಮಿಷಗಳೂ ಮುಖ್ಯ. ನಿಮ್ಮ ಖಾತೆ ಸಂಖ್ಯೆ, ಯುಪಿಐನ 12 ಅಂಕಿಯ ವಹಿವಾಟು ಸಂಖ್ಯೆ, ಮೊತ್ತ, ಸಮಯ ಬರೆದಿಟ್ಟುಕೊಂಡಿರಿ. ಬ್ಯಾಂಕಿಗೂ ತಿಳಿಸಿ, ಮಡಿಕೇರಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಸ್ಕ್ರೀನ್‌ಶಾಟ್ ಸಮೇತ ದೂರು ಕೊಡಿ. ಸರಕಿನ ಮೋಸವಾದರೆ ಗ್ರಾಹಕ ಸಹಾಯವಾಣಿ 1915. ಆಮೇಲೆ ‘ಹೋದ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಅದೂ ಮೋಸವೇ. 1930ರಲ್ಲಿ ದೂರು ಕೊಡಲು ಒಂದು ರೂಪಾಯಿಯೂ ಕಟ್ಟಬೇಕಿಲ್ಲ.