ಅಪ್ಪನಿಗೆ ಮೆಚ್ಚಿನ ನಟರ ಭೇಟಿ ಮಾಡಿಸಬೇಕಾ?

ಶರ್ಟು, ವಾಚು ಕೊಟ್ಟೂ ಕೊಟ್ಟೂ ಸಾಕಾಗಿತ್ತು. ಈ ಸಲ ಅಪ್ಪನ 70ನೇ ಹುಟ್ಟುಹಬ್ಬಕ್ಕೆ ಅವರ ಮೆಚ್ಚಿನ ರಂಗನಟರ ನಾಟಕ ನೋಡಲು ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರ ರಂಗಮಂದಿರಕ್ಕೆ ಕರೆದುಕೊಂಡು ಹೋದೆ. ನಟರನ್ನು ಮಾತಾಡಿಸೋಕೆ ಬೇರೆ ಖರ್ಚೇನೂ ಇಲ್ಲ, ನಾಟಕದ ಟಿಕೆಟ್ ಸಾಕು.

ಅಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹುಟ್ಟುಹಬ್ಬ ಅಂದರೂ ಅಷ್ಟೇ! ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ನಂಬಬೇಡಿ. ಒಂದು ಗಂಟೆ ಮೊದಲೇ ಹೋಗಿ ಕೆಫೆಯಲ್ಲಿ ಸಾಬುದಾನ ವಡೆ ತಿನ್ನುತ್ತಾ ಕೂತಿರಿ.

ನಾಟಕ ಮುಗಿದ ತಕ್ಷಣ ಗ್ರೀನ್ ರೂಮಿಗೆ ನುಗ್ಗಬೇಡಿ. ಬಣ್ಣ ತೊಳೆದು ಅವರೇ ಹೊರಗೆ ಬರುತ್ತಾರೆ. ನಾವು ಮೆಟ್ಟಿಲ ಹತ್ತಿರ 20 ನಿಮಿಷ ಕಾದೆವು. ‘ನಿಮ್ಮ ದೊಡ್ಡ ಅಭಿಮಾನಿ ಸಾರ್’ ಅಂತ ಸುಮ್ನೆ ಹೇಳಿದರೆ ‘ಥ್ಯಾಂಕ್ಸ್’ಗೇ ಮುಗಿದುಹೋಗುತ್ತೆ. ಏನಾದರೂ ನಿರ್ದಿಷ್ಟವಾಗಿ ಹೇಳಬೇಕು. ಅಪ್ಪ, ಎಷ್ಟೋ ವರ್ಷದ ಹಿಂದೆ ರವೀಂದ್ರ ಕಲಾಕ್ಷೇತ್ರದಲ್ಲಿ ಆ ನಟರ ಕೈಯಲ್ಲಿದ್ದ ಲಾಂದ್ರ ನಾಟಕದ ನಡುವೆಯೇ ಆರಿಹೋದದ್ದನ್ನು ನೆನಪಿಸಿದರು. ಆ ನಟರು ನಕ್ಕು, ಹೆಗಲ ಚೀಲ ಕೆಳಗಿಟ್ಟು ನಿಂತೇಬಿಟ್ಟರು.

ಫೋಟೋ ಕೇಳಿ ತೆಗೆಯಿರಿ, ಒಂದೇ ಸಾಕು. ಪೆನ್ನು ಮರೀಬೇಡಿ. ನಾನು ಮರೆತು, ಟಿಕೆಟ್ ಮೇಲೆ ಸಹಿ ಹಾಕಿಸೋಕೆ ಪೆನ್ನು ಕೇಳಲು ಕೆಫೆ ಕೌಂಟರಿಗೆ ಓಡಿದ್ದೆ.