ಬಾಡಿಗೆ ಸಾಲದಾಗ, ಕೌನ್ಸಿಲ್ ಟ್ಯಾಕ್ಸ್ ಕಟ್ಟಲಾಗದಾಗ ಇಂಗ್ಲೆಂಡಿನಲ್ಲಿ ನಾನು ನೆರವು ಕೇಳಿದ್ದು ಹೀಗೆ

ಯೂನಿವರ್ಸಲ್ ಕ್ರೆಡಿಟ್ ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು. ಅದರಲ್ಲಿ ಬಾಡಿಗೆಗೆ ಕೊಡುವ ದುಡ್ಡು ಸಾಲದಿದ್ದರೆ ಮುಗೀತು, ಇನ್ನೇನೂ ಮಾಡಲಾಗದು ಅಂತ ಇಲ್ಲಿ ತುಂಬಾ ಜನ ಸುಮ್ಮನಿದ್ದುಬಿಡುತ್ತಾರೆ. ಕೇಳುವುದಕ್ಕೆ ಜಾಗ ಇದೆ. ಆದರೆ ಬಾಡಿಗೆಗೆ ಒಂದು ಅರ್ಜಿ, ಕೌನ್ಸಿಲ್‌ಗೆ (ಅಂದರೆ ಸ್ಥಳೀಯ ಆಡಳಿತಕ್ಕೆ) ಕಟ್ಟುವ ಟ್ಯಾಕ್ಸ್‌ಗೆ ಇನ್ನೊಂದು. ಒಂದು ಹಾಕಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ.

ಮನೆಯಲ್ಲಿ ನಾನು, ಮಗ ಇಬ್ಬರೇ. 2024ರಲ್ಲಿ ಗಂಡನಿಂದ ಬೇರೆಯಾದೆ. ಕೇರ್ ಹೋಮ್ ಕೆಲಸ, ಆದರೆ ಮಗನಿಗೆ ಆಟಿಸಂ ಇರುವುದರಿಂದ ಪೂರ್ತಿ ಹೊತ್ತು ಮಾಡಲಾಗುವುದಿಲ್ಲ. ಬಾಡಿಗೆ 950 ಪೌಂಡ್, ಅದರ ಲೆಕ್ಕಕ್ಕೆ ಬರುತ್ತಿದ್ದದ್ದು 780. ಖಾಸಗಿ ಮನೆಗೆ ಲೋಕಲ್ ಹೌಸಿಂಗ್ ಅಲೋಯನ್ಸ್ ಅಂತ ಒಂದು ಮಿತಿ ಇದೆ. ಆ ಸೀಮೆಯ ಬಾಡಿಗೆಗಳಲ್ಲಿ ಅಗ್ಗದ ಶೇ. 30ರಷ್ಟು ಮನೆಗಳಿಗೆ ಸಾಕಾಗುವಷ್ಟು ಅಂತ ಲೆಕ್ಕ. 2024ರ ಏಪ್ರಿಲ್‌ನಲ್ಲಿ ಅದನ್ನು ಏರಿಸಿ ಅಲ್ಲಿಗೇ ನಿಲ್ಲಿಸಿದರು. ಮನೆ ಮಾಲೀಕರು ನಿಲ್ಲಿಸಲಿಲ್ಲ, ಅಲ್ವಾ?

ಆ ಕೊರತೆಗೆ ನಾನು ಕೇಳಿದ್ದು ಡಿಸ್ಕ್ರೆಷನರಿ ಹೌಸಿಂಗ್ ಪೇಮೆಂಟ್, ಎಲ್ಲರೂ ಡಿಎಚ್‌ಪಿ ಅನ್ನುತ್ತಿದ್ದದ್ದು. ಈಗ ಅದರ ಜಾಗಕ್ಕೆ ಬೇರೆ ಬಂದಿದೆ, ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಹೌಸಿಂಗ್ ಬೆನಿಫಿಟ್ (ಬಾಡಿಗೆಗೆ ಕೊಡುವ ಹಳೇ ನೆರವು) ಅಥವಾ ಯೂನಿವರ್ಸಲ್ ಕ್ರೆಡಿಟ್‌ನ ಬಾಡಿಗೆ ಭಾಗ ಬರುತ್ತಿರಬೇಕಿತ್ತು. ಕೊಡುತ್ತಿದ್ದದ್ದು ಕೌನ್ಸಿಲ್, ಯೂನಿವರ್ಸಲ್ ಕ್ರೆಡಿಟ್ ನೋಡಿಕೊಳ್ಳುವ ಸರ್ಕಾರಿ ಕಚೇರಿ ಜಾಬ್‌ಸೆಂಟರ್ ಅಲ್ಲ. ಅದು ಹಕ್ಕಾಗಿರಲಿಲ್ಲ, ಅವರ ವಿವೇಚನೆ. ವರ್ಷಕ್ಕೆ ಇಷ್ಟೇ ಅಂತ ದುಡ್ಡು ಇರುತ್ತಿತ್ತು. ಹಾಗಾಗಿ ಅರ್ಜಿಯಲ್ಲಿ ಕಷ್ಟವಿದೆ ಅಂತ ಬರೆದರೆ ಸಾಲುತ್ತಿರಲಿಲ್ಲ. ಎಷ್ಟು ಕೊರತೆ, ಎಷ್ಟು ತಿಂಗಳು ಬೇಕು, ಆಮೇಲೆ ಏನು ಬದಲಾಗುತ್ತದೆ, ಇಷ್ಟನ್ನೂ ಹೇಳಬೇಕಿತ್ತು. ನನ್ನ ಪ್ರಕಾರ ಮೂರನೆಯದೇ ಮುಖ್ಯ. ನಾನು ಬರೆದದ್ದು ಇದು: ಮಗನಿಗೆ ಹೊಸ ಶಾಲೆ ಸಿಕ್ಕಿದೆ, ಹೊಂದಿಕೊಂಡ ಮೇಲೆ ಶಿಫ್ಟ್ ಜಾಸ್ತಿ ಮಾಡಬಲ್ಲೆ, ಈಗ ಮನೆ ಬದಲಿಸಿದರೆ ಆ ಶಾಲೆಯೇ ತಪ್ಪುತ್ತದೆ. ಶಾಲೆಯ ಪತ್ರವನ್ನೂ ಜೊತೆಗಿಟ್ಟೆ.

ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಸಾಲು ಸಾಲು ನೋಡುತ್ತಾರೆ. ನನ್ನದರಲ್ಲಿ ಹಾಸನಕ್ಕೆ ಅಮ್ಮನ ಔಷಧಿಗೆ ಕಳಿಸುವ 40 ಪೌಂಡ್ ಇತ್ತು. ಮುಚ್ಚಿಡುವ ಮಾತೇ ಇಲ್ಲ. ಖರ್ಚಿನ ಪಟ್ಟಿಯಲ್ಲೇ ಅದಕ್ಕೊಂದು ಸಾಲು ಹಾಕಿ, ಯಾಕೆ ನಿಲ್ಲಿಸಲಾಗದು ಅಂತ ಎರಡು ಮಾತು ಬರೆದೆ. ಕೌನ್ಸಿಲ್ಲಿನಿಂದ ಫೋನ್ ಮಾಡಿದಾಕೆ ಅದನ್ನು ಬಿಟ್ಟು ಮೊಬೈಲ್ ಕಾಂಟ್ರ್ಯಾಕ್ಟ್ ಬಗ್ಗೆ ಕೇಳಿದರು! ಇನ್ನೊಂದು: ಮಗನ ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್ ಅನ್ನು ಆದಾಯ ಅಂತ ಸೇರಿಸಿ, ನಿಮಗೆ ಕೊರತೆಯೇ ಇಲ್ಲ ಅಂದರು. ಆರೈಕೆಗೆ ಅಂತ ಬರುವ ದುಡ್ಡನ್ನು ಕಣ್ಣುಮುಚ್ಚಿ ಎಲ್ಲರ ಆದಾಯಕ್ಕೆ ಸೇರಿಸುವ ನೀತಿ ಕಾನೂನಿಗೆ ವಿರುದ್ಧ ಅಂತ 2015ರಲ್ಲೇ ಸ್ಯಾಂಡ್‌ವೆಲ್ ಕೌನ್ಸಿಲ್ ಕೇಸಿನಲ್ಲಿ ಹೈಕೋರ್ಟ್ ಹೇಳಿದೆ. ಉಚಿತವಾಗಿ ಸಲಹೆ ಕೊಡುವ ಸಂಸ್ಥೆ ಸಿಟಿಜನ್ಸ್ ಅಡ್ವೈಸ್‌ನವರು ಇದನ್ನು ತೋರಿಸಿಕೊಟ್ಟರು. ಆ ದುಡ್ಡು ಯಾವ ಯಾವುದಕ್ಕೆ ಹೋಗುತ್ತದೆ ಅಂತ ಬರೆದು ಮರುಪರಿಶೀಲನೆ ಕೇಳಿದೆ, ಮಂಜೂರಾಯಿತು. ಪೂರ್ತಿ 170 ಅಲ್ಲ, 130, ಅದೂ ಆರು ತಿಂಗಳಿಗೆ. ಡಿಎಚ್‌ಪಿಗೆ ಟ್ರಿಬ್ಯುನಲ್ ಅಪೀಲು ಇರಲಿಲ್ಲ, ಕೌನ್ಸಿಲ್ಲಿಗೇ ಮತ್ತೆ ಕೇಳಬೇಕಿತ್ತು.

ಇನ್ನು ಕೌನ್ಸಿಲ್ ಟ್ಯಾಕ್ಸ್. ನಮ್ಮ ಕಡೆ ಮನೆ ಕಂದಾಯ ಮಾಲೀಕರ ತಲೆನೋವು, ಇಲ್ಲಿ ಸಾಮಾನ್ಯವಾಗಿ ಮನೆಯಲ್ಲಿರುವ ಬಾಡಿಗೆದಾರರೇ ಕಟ್ಟಬೇಕು. ಒಬ್ಬರೇ ದೊಡ್ಡವರಿದ್ದರೆ ಶೇ. 25 ಕಡಿತ. ಆದಾಯ ಕಡಿಮೆ ಇದ್ದರೆ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್, ಇದನ್ನು ಕೌನ್ಸಿಲ್ಲಿನಲ್ಲಿ ಬೇರೆಯಾಗಿ ಕೇಳಬೇಕು. ಇವೆರಡೂ ಸಿಕ್ಕ ಮೇಲೂ ನನಗೆ ಹಳೇ ಬಾಕಿ ಉಳಿದಿತ್ತು. 2013ರ ಏಪ್ರಿಲ್‌ನಿಂದ ಡಿಎಚ್‌ಪಿ ದುಡ್ಡನ್ನು ಟ್ಯಾಕ್ಸ್‌ಗೆ ಕೊಡುವ ಹಾಗಿರಲಿಲ್ಲ. ಅದಕ್ಕೆ ಇರುವುದು 1992ರ ಲೋಕಲ್ ಗವರ್ನಮೆಂಟ್ ಫೈನಾನ್ಸ್ ಕಾಯ್ದೆಯ ಸೆಕ್ಷನ್ 13ಎ(1)(ಸಿ). ಕೌನ್ಸಿಲ್ ಮನಸ್ಸು ಮಾಡಿದರೆ ಬಿಲ್ಲನ್ನು ಎಷ್ಟು ಬೇಕಾದರೂ ಇಳಿಸಬಹುದು, ಸೊನ್ನೆಗೂ ತರಬಹುದು.

ಫೋನಿನಲ್ಲಿ ಕೇಳಿದಾಗ ಅಂಥ ಸ್ಕೀಮ್ ನಮ್ಮಲ್ಲಿಲ್ಲ ಅಂದರು. ಈ ಸೆಕ್ಷನ್ ನಂಬರು ಹಾಕಿ ಇಮೇಲ್ ಬರೆದೆ, ಫಾರಂ ಬಂತು. ತೀರ್ಮಾನವಾಗುವವರೆಗೆ ವಸೂಲಿ ತಡೆಯಿರಿ ಅಂತ ಅದರಲ್ಲೇ ಕೇಳಿದ್ದೆ. ಇಲ್ಲದಿದ್ದರೆ ವಿಷಯ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಅದರ ಖರ್ಚೂ ನಮ್ಮ ತಲೆಗೇ ಬೀಳುತ್ತದೆ. ಅರ್ಧ ಬಾಕಿ ಮನ್ನಾ ಆಯಿತು, ಉಳಿದದ್ದನ್ನು ಕಂತಿನಲ್ಲಿ ಕಟ್ಟಿದೆ. ಆಗುವುದಿಲ್ಲ ಅಂದಿದ್ದರೆ ಇದಕ್ಕೆ ಕೌನ್ಸಿಲ್ ಟ್ಯಾಕ್ಸ್ ತಕರಾರು ಕೇಳುವ ವ್ಯಾಲ್ಯುಯೇಷನ್ ಟ್ರಿಬ್ಯುನಲ್‌ಗೆ ಹೋಗಬಹುದಿತ್ತು, ಫೀಸ್ ಇಲ್ಲ.

ವೀಸಾದ ಮೇಲೆ ಇರುವವರು ಮಾತ್ರ ಹುಷಾರು. ಪಬ್ಲಿಕ್ ಫಂಡ್ಸ್ (ಅಂದರೆ ಸರ್ಕಾರಿ ನೆರವು) ಇಲ್ಲ ಅಂತ ಷರತ್ತಿದ್ದರೆ ಈ ಅರ್ಜಿಗಳನ್ನು ಹಾಕುವ ಮುಂಚೆ ವಲಸೆ ಸಲಹೆಗಾರರನ್ನು ಕೇಳಿ; ಶೇ. 25ರ ಕಡಿತಕ್ಕೆ ಆ ತೊಡಕಿಲ್ಲ. ನನಗೆ ಆ ಹೊತ್ತಿಗೆ ಐಎಲ್‌ಆರ್, ಅಂದರೆ ಇಲ್ಲಿ ಖಾಯಂ ಇರುವ ಅನುಮತಿ, ಸಿಕ್ಕಿತ್ತು. ಮತ್ತೆ, 2026ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಡಿಎಚ್‌ಪಿ ಜಾಗಕ್ಕೆ ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್ ಬಂದಿದೆ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಈಗ ಆ ಹೆಸರಿನಲ್ಲೇ ಹುಡುಕಿ.