ತೆರೆದ ಲೋಕದಲ್ಲೇ ಮನೆ, 512ರ ಲೆಕ್ಕದಲ್ಲಿ ಗಡಿ: ನನ್ನ ಅನುಭವ

ಮೈನ್‌ಕ್ರಾಫ್ಟ್ ಆಟದಲ್ಲಿ ಆಟಗಾರರ ಮನೆಗಳನ್ನು ತೆರೆದ ಲೋಕದಲ್ಲೇ ಬಿಟ್ಟು, ಲೋಕವನ್ನೂ ಬೆಳೆಸುತ್ತ ಹೋದರೆ ಸರ್ವರ್ ಆರು ತಿಂಗಳು ಬಾಳುವುದಿಲ್ಲ ಎಂದವರೇ ಹೆಚ್ಚು. ಮನೆಗಳಿಗೆ ಬೇರೆ ಲೋಕ ಮಾಡು, ತಲೆಗೊಂದು ಚೌಕ ಕೊಡು, ತಲೆನೋವು ಮುಗಿಯಿತು ಎಂಬುದೇ ಎಲ್ಲರ ಸಲಹೆ. ಈಗ ಹದಿನಾಲ್ಕನೇ ತಿಂಗಳು ನಡೆಯುತ್ತಿದೆ. ಪೇಪರ್ ಎಂಬ ಸರ್ವರ್ ತಂತ್ರಾಂಶದ ಮೇಲೆ ಓಡುವ ಮೈನ್‌ಕ್ರಾಫ್ಟ್ ಆರ್‌ಪಿಜಿ (ಪಾತ್ರ ವಹಿಸಿ ಆಡುವ ಆಟ) ಸರ್ವರ್, ವಾರಕ್ಕೆ 70ರ ಆಸುಪಾಸು ಆಟಗಾರರು, ತೆರೆದ ಲೋಕದಲ್ಲೇ ಸುಮಾರು 140 ಮನೆಗಳು. ಗಡಿ ನಾಲ್ಕು ಸಲ ಹಿಗ್ಗಿದೆ. ಆದರೂ ಡಿಸ್ಕ್ ಮೇಲೆ ಲೋಕದ ಗಾತ್ರ ಐದನೇ ತಿಂಗಳಿನಲ್ಲಿದ್ದದ್ದರ ಮೂರನೇ ಒಂದು ಭಾಗ ಮಾತ್ರ.

ಮೊದಲ ಐದು ತಿಂಗಳು ಮಾಡಿದ್ದು ಪೂರ್ತಿ ತಪ್ಪು. ಗಡಿಯನ್ನು 10,000 ಬ್ಲಾಕ್ ತ್ರಿಜ್ಯಕ್ಕೆ ಇಟ್ಟು, ಆಡಿದ ಗಂಟೆಗೆ ಇಷ್ಟು ಜಾಗ ಎಂಬ ಲೆಕ್ಕದಲ್ಲಿ ಜಮೀನು ಕೊಟ್ಟೆ. ರಾತ್ರಿಯಿಡೀ ಹರಿಯುವ ನೀರಿನಲ್ಲಿ ಪಾತ್ರವನ್ನು ತಿರುಗಲು ಬಿಟ್ಟವರು ಬೆಳಗಾಗುವುದರೊಳಗೆ ಜಮೀನ್ದಾರರಾದರು. ಎಲಿಟ್ರಾ ಎಂಬ ರೆಕ್ಕೆ ಸಿಕ್ಕವರು ರಾಕೆಟ್ ಹಚ್ಚಿಕೊಂಡು ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಬ್ಲಾಕ್ ಹಾರುತ್ತಾರೆ. ಅವರು ಹಾರಿದ ದಾರಿಯುದ್ದಕ್ಕೂ ಯಾರೂ ಕಾಲಿಡದ ಚಂಕ್‌ಗಳು (16×16 ಬ್ಲಾಕ್‌ನ ನೆಲದ ತುಂಡುಗಳು) ಹುಟ್ಟಿ ಡಿಸ್ಕ್ ಸೇರುತ್ತವೆ. 20,000 ಬ್ಲಾಕ್ ಚೌಕವೆಂದರೆ 15.6 ಲಕ್ಷ ಚಂಕ್. ಐದು ತಿಂಗಳಲ್ಲಿ ಅದರಲ್ಲಿ 11 ಲಕ್ಷದಷ್ಟು ತಯಾರಾಗಿದ್ದವು. ಚಂಕ್‌ಗೆ ಸರಾಸರಿ 9 ಕೆಬಿ, ಅಂದರೆ ಆಟದ ಮುಖ್ಯ ಲೋಕವಾದ ಮೇಲ್ಲೋಕವೊಂದೇ 10 ಜಿಬಿ. ನೆದರ್, ಎಂಡ್ ಎಂಬ ಉಳಿದೆರಡು ಲೋಕ ಸೇರಿ 17. ದಿನಾ ಪೂರ್ತಿ ಲೋಕವನ್ನು ಟಾರ್ ಮಾಡಿ (ಒಂದೇ ಫೈಲಿಗೆ ಕಟ್ಟಿ) ಹದಿನಾಲ್ಕು ಪ್ರತಿ ಇಡುತ್ತಿದ್ದರಿಂದ ಬ್ಯಾಕಪ್ ಜಾಗದ ಬಾಡಿಗೆ ಸರ್ವರ್ ಬಾಡಿಗೆಯನ್ನೇ ಮೀರಿತು. ಇಷ್ಟು ಖರ್ಚಿಗೆ ಸಿಕ್ಕಿದ್ದೇನೆಂದರೆ 90 ಮನೆ, ಒಂದಕ್ಕೊಂದು ಕಾಣದಷ್ಟು ದೂರ.

ಇದು ಹಳೆಯ ರೋಗ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಆಟದಲ್ಲಿ ಮನೆ ಕಟ್ಟಲು ಜಾಗವೇ ಉಳಿಯದೆ ಹೋಗಿತ್ತು. 2000ದಲ್ಲಿ ಇಡೀ ಲೋಕದ ಇನ್ನೊಂದು ಪ್ರತಿ ತೆರೆದಾಗ ಜನ ಅಲ್ಲಿಗೂ ಜಾಗ ಹಿಡಿಯಲು ಓಡಿದರು. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಆಟದ ಗ್ರಹಗಳ ತುಂಬ ಬಿಟ್ಟುಹೋದವರ ಮನೆಗಳು ಹರಡಿಕೊಂಡಿದ್ದವು. ಎರಡರಿಂದಲೂ ನಾನು ತೆಗೆದುಕೊಂಡದ್ದು ಒಂದೇ ಮಾತು: ಮನೆಗೆ ಜಾಗ ಸಾಲದೆಂದು ಲೋಕ ಹಿಗ್ಗಿಸಬಾರದು. ಲೋಕ ಹಿಗ್ಗುವುದು ಅಲೆದಾಟಕ್ಕೆ. ಮನೆಯ ಜಾಗ ಪಾಳುಮನೆಗಳಿಂದಲೇ ಹುಟ್ಟಬೇಕು.

ಗಡಿಯ ಲೆಕ್ಕದಿಂದ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಲೋಕವನ್ನು ಡಿಸ್ಕ್ ಮೇಲೆ ಇಡುವ ಒಂದು ರೀಜನ್ ಫೈಲ್ ಎಂದರೆ 32×32 ಚಂಕ್, 512×512 ಬ್ಲಾಕ್. ಕೇಂದ್ರವನ್ನು ಸೊನ್ನೆ-ಸೊನ್ನೆಗೆ ಇಟ್ಟು, ತ್ರಿಜ್ಯವನ್ನು ಯಾವಾಗಲೂ 512ರ ಗುಣಕದಲ್ಲೇ ಬೆಳೆಸಬೇಕು. ಹೀಗೆ ಮಾಡಿದರೆ ಪ್ರತಿ ಸುತ್ತೂ ಪೂರ್ತಿ ಫೈಲ್‌ಗಳ ಗುಂಪಾಗುತ್ತದೆ. 2048 ತ್ರಿಜ್ಯದ ನಡುಭಾಗ 64 ಫೈಲ್. ಮೊದಲ ಸುತ್ತಿಗೆ 36, ಮುಂದಿನದಕ್ಕೆ 44, ಆಮೇಲೆ 52, 60. ಸುತ್ತೊಂದು ಕೆಟ್ಟರೆ ಆ ಫೈಲ್‌ಗಳನ್ನಷ್ಟೇ ಅಳಿಸಿದರೆ ಸಾಕು, ಚಂಕ್ ಹುಡುಕುವ ಕೆಲಸವಿಲ್ಲ. ಮೊದಲ ಸುತ್ತಿನ 36,864 ಚಂಕ್‌ಗಳನ್ನು ಚಂಕಿ ಪ್ಲಗಿನ್‌ನಿಂದ ಮೊದಲೇ ತಯಾರಿಸಲು, ಸೆಕೆಂಡಿಗೆ 25ರ ವೇಗದಲ್ಲಿ, ಅರ್ಧ ಗಂಟೆ ಕೂಡ ಆಗಲಿಲ್ಲ. ಗಾತ್ರ 330 ಎಂಬಿ ಇದ್ದಿರಬೇಕು.

ಇಲ್ಲಿ ಎಡವುವ ಜಾಗ ಒಂದಿದೆ. ಆಟದ ಗಡಿ ಆಟಗಾರನನ್ನು ತಡೆಯುತ್ತದೆ, ಚಂಕ್ ಹುಟ್ಟುವುದನ್ನು ತಡೆಯುವುದಿಲ್ಲ. ಗಡಿಗೆ ಅಂಟಿ ನಿಂತವನ ನೋಟದ ದೂರ 8 ಚಂಕ್ ಇದ್ದರೆ ಆಚೆಗೂ ಎಂಟು ಚಂಕ್ ತಯಾರಾಗುತ್ತವೆ, ಅವುಗಳಾಚೆ ಅರೆಬೆಂದವು ಇನ್ನಷ್ಟು. ಆವೃತ್ತಿ ಬದಲಾಯಿಸಿ ಹೊಸ ಸುತ್ತು ತೆರೆದಾಗ ಈ ಪಟ್ಟಿ ಹಳೆಯ ನೆಲವಾಗಿಯೇ ಉಳಿದು, ಅದರಾಚೆ ಹೊಸ ನೆಲ ಬಂದು, ಲೋಕಕ್ಕೆ ಹೊಲಿಗೆ ಹಾಕಿದಂತೆ ಕಂಡಿತು. ಆಟದ 1.18 ಆವೃತ್ತಿಗಿಂತ ಹಿಂದಿನ ನೆಲವಾದರೆ ಹೊಸ ನೆಲದ ಜೊತೆಗಿನ ಅಂಚನ್ನು ಆಟವೇ ಬೆಸೆಯುತ್ತದೆ ನಿಜ, ಆದರೆ ಇಷ್ಟು ಸಣ್ಣ ಪಟ್ಟಿಯಲ್ಲಿ ಆ ಬೆಸುಗೆಯೇ ವಿಕಾರ. ಈಗ ಆಟದ ಗಡಿಯನ್ನು ಫೈಲಿನ ಅಂಚಿನಿಂದ 192 ಬ್ಲಾಕ್ ಒಳಗೆ ಇಡುತ್ತೇನೆ, 2048ರ ಬದಲು 1856. ಸುತ್ತು ತೆರೆಯುವ ಮುಂಚೆ ಸರ್ವರ್ ನಿಲ್ಲಿಸಿ, ಅಂಚಿನಾಚೆ ಇರುವ ಫೈಲ್‌ಗಳನ್ನೆಲ್ಲ ಅಳಿಸುವುದು ಕಡ್ಡಾಯ.

10,000ದಿಂದ 2048ಕ್ಕೆ ಎಳೆದುಕೊಂಡದ್ದೇ ದೊಡ್ಡ ಕೆಲಸ. ಎಂಸಿಎ ಸೆಲೆಕ್ಟರ್ ಎಂಬ ಚಂಕ್ ಆರಿಸುವ ತಂತ್ರಾಂಶದಲ್ಲಿ ಇನ್‌ಹ್ಯಾಬಿಟೆಡ್‌ಟೈಮ್ (ಚಂಕ್‌ನ ಆಸುಪಾಸಿನಲ್ಲಿ ಆಟಗಾರರು ಕಳೆದ ಹೊತ್ತು) ಐದು ನಿಮಿಷಕ್ಕಿಂತ, ಅಂದರೆ ಸೆಕೆಂಡಿಗೆ 20ರಂತೆ 6,000 ಟಿಕ್‌ಗಿಂತ, ಕಡಿಮೆ ಇರುವ ಚಂಕ್‌ಗಳನ್ನು ಆರಿಸಿ ಅಳಿಸುವುದು ಎಲ್ಲರಿಗೂ ಗೊತ್ತಿರುವ ದಾರಿ. ಮೊದಲ ಸಲ ಬರೀ ಅದನ್ನೇ ನಂಬಿ ಅಳಿಸಿದೆ. ಸೇತುವೆಗಳು ಹೋದವು, ಎರಡು ಊರಿನ ನಡುವಿನ ರೈಲು ಸುರಂಗ ಹೋಯಿತು. ಗಣಿಬಂಡಿ ಸೆಕೆಂಡಿಗೆ 8 ಬ್ಲಾಕ್ ಓಡುವಾಗ ದಾರಿಯ ಚಂಕ್‌ಗಳಲ್ಲಿ ಒಂದು ಪಯಣಕ್ಕೆ ಅರ್ಧ ನಿಮಿಷದಷ್ಟು ಮಾತ್ರ ದಾಖಲಾಗುತ್ತದೆ. ಹತ್ತು ಸಲ ಓಡಾಡಿದರೂ ಐದು ನಿಮಿಷಕ್ಕೆ ಮುಟ್ಟುತ್ತದೋ ಇಲ್ಲವೋ. ಬ್ಯಾಕಪ್ ಹಾಕಿ ಎರಡನೇ ಸಲ ಮಾಡಿದಾಗ ಮೂರು ಪಟ್ಟಿ ಕೂಡಿಸಿದೆ: ಹೆಚ್ಚು ಹೊತ್ತು ಜನರಿದ್ದ ಚಂಕ್, ಜಮೀನಿನ ಡೇಟಾಬೇಸ್‌ನಲ್ಲಿರುವ ಚಂಕ್, ಹಳಿ ಇರುವ ಚಂಕ್. ಮೂರರ ಸುತ್ತಲೂ ಎರಡು ಚಂಕ್ ಅಂಚು ಬಿಟ್ಟು, ಉಳಿದದ್ದನ್ನು ಅಳಿಸಿದೆ.

ರೀಜನ್ ಫೋಲ್ಡರ್ ಒಂದನ್ನೇ ಕೈಯಿಂದ ಖಾಲಿ ಮಾಡುವವರಿಗೆ ಇನ್ನೊಂದು ಮಾತು. 1.17ರಿಂದ ಎಂಟಿಟಿಗಳು, ಅಂದರೆ ಜೀವಿಗಳು ಮತ್ತು ಆರ್ಮರ್ ಸ್ಟ್ಯಾಂಡ್‌ನಂಥ (ಕವಚ ತೊಡಿಸುವ ಗೂಟ) ಬ್ಲಾಕ್ ಅಲ್ಲದ ವಸ್ತುಗಳು, ಎಂಟಿಟೀಸ್ ಫೋಲ್ಡರ್‌ನಲ್ಲಿವೆ, ಹಳ್ಳಿಗರ ಹಾಸಿಗೆ-ಕೆಲಸದ ಲೆಕ್ಕ ಪಿಒಐ ಫೋಲ್ಡರ್‌ನಲ್ಲಿದೆ. ಮೂರರಲ್ಲೂ ಅದೇ ಹೆಸರಿನ ಫೈಲ್ ಅಳಿಸದಿದ್ದರೆ ಹೊಸ ಬೆಟ್ಟದ ಹೊಟ್ಟೆಯಲ್ಲಿ ಹಳೆಯ ಮನೆಯ ಆರ್ಮರ್ ಸ್ಟ್ಯಾಂಡ್‌ಗಳು ನಿಂತಿರುತ್ತವೆ, ಹಳ್ಳಿಗರು ಇಲ್ಲದ ಹಾಸಿಗೆ ಹುಡುಕಿಕೊಂಡು ಹೋಗುತ್ತಾರೆ. ಅಳಿಸಿದ ಜಾಗದಲ್ಲಿ ಲಾಗ್‌ಔಟ್ ಆಗಿದ್ದವರನ್ನು ಮೊದಲ ಲಾಗಿನ್‌ನಲ್ಲೇ ನಡುಭಾಗಕ್ಕೆ ತರಬೇಕು, ಇಲ್ಲವಾದರೆ ಕಲ್ಲೊಳಗೆ ಕಣ್ಣು ಬಿಡುತ್ತಾರೆ.

ಗಡಿಯಾಚೆ ಇದ್ದ 55 ಮನೆಗಳನ್ನು ಪೆಟ್ಟಿಗೆಗೆ ತುಂಬಿ ಒಳಗೆ ತಂದೆ. ಪೆಟ್ಟಿಗೆ ಎಂದರೆ ವರ್ಲ್ಡ್‌ಎಡಿಟ್ ಪ್ಲಗಿನ್‌ನ ಸ್ಕೀಮ್ಯಾಟಿಕ್ (ಕಟ್ಟಡದ ನಕಲಿನ ಫೈಲ್) ಒಂದು, ಸಾಮಾನಿನ ಪಟ್ಟಿ ಒಂದು. ಪೂರ್ಣ ಎತ್ತರ ನಕಲಿಸಿದರೆ ಒಂದು ಚಂಕ್‌ಗೆ 98,304 ಬ್ಲಾಕ್, ನಾಲ್ಕು ಚಂಕ್ ಮನೆಗೆ ಸುಮಾರು ನಾಲ್ಕು ಲಕ್ಷ. ಫೈಲ್ ಮಾತ್ರ ಪುಟ್ಟದು. ನಷ್ಟವಾದದ್ದು ಸಾಮಾನಿನ ವಿಷಯದಲ್ಲಿ. ಮೊದಲ ಹನ್ನೆರಡು ಮನೆಗಳಲ್ಲಿ ಮನೆಯ ಸಾಮಾನನ್ನು ಖಜಾನೆಗೂ ಹಾಕಿದೆ, ಸ್ಕೀಮ್ಯಾಟಿಕ್ ಒಳಗೂ ಉಳಿದಿತ್ತು. ಮನೆ ಮತ್ತೆ ಇಳಿಸಿದಾಗ ಎಲ್ಲವೂ ಎರಡೆರಡು. ವಜ್ರದ ಬೆಲೆ ಎರಡೇ ದಿನದಲ್ಲಿ ಅರ್ಧಕ್ಕೆ ಬಿತ್ತು. ಸರಿಯಾದ ಕ್ರಮ ಹೀಗೆ: ಜಮೀನು ಬೀಗ, ಎಲ್ಲ ಪಾತ್ರೆ ಖಾಲಿ, ಖಾಲಿಯಾದದ್ದನ್ನು ಮತ್ತೊಮ್ಮೆ ಎಣಿಸಿ ಸೊನ್ನೆ ಬಂದ ಮೇಲೆಯೇ ನಕಲು, ಆಮೇಲೆ ಖಜಾನೆಗೆ ಜಮಾ. ಪಾತ್ರೆ ಎಂದಾಗ ಚೆಸ್ಟ್, ಬ್ಯಾರೆಲ್ ಎಲ್ಲರಿಗೂ ನೆನಪಾಗುತ್ತವೆ. ಮರೆಯುವಂಥವು ಬೇರೆ: ಲೆಕ್ಟರ್ನ್ ಮೇಲಿನ ಪುಸ್ತಕ, ಜ್ಯೂಕ್‌ಬಾಕ್ಸ್ ಒಳಗಿನ ತಟ್ಟೆ, 1.20ರ ಕೆತ್ತಿದ ಪುಸ್ತಕದ ಕಪಾಟು ಮತ್ತು ಅಲಂಕಾರದ ಮಡಕೆ, 1.21ರ ಕ್ರಾಫ್ಟರ್, ಐಟಂ ಫ್ರೇಮ್, ಆರ್ಮರ್ ಸ್ಟ್ಯಾಂಡ್ ತೊಟ್ಟ ಕವಚ. ಕೊನೆಯ ಎರಡು ಎಂಟಿಟಿಗಳು, ನಕಲಿಸುವಾಗ ಆಜ್ಞೆಗೆ -e ಹಾಕದಿದ್ದರೆ ಬರುವುದೇ ಇಲ್ಲ. ಜಮೀನಿನ ಗೆರೆ ಹಾಸಿಗೆಯ ನಡುವೆ ಹಾದಿದ್ದರೆ ಅರ್ಧ ಹಾಸಿಗೆ ಬರುತ್ತದೆ; ಸುತ್ತಲೂ ಒಂದು ಬ್ಲಾಕ್ ಹೆಚ್ಚು ಆರಿಸಿ.

ಇಳಿಸುವುದೂ ಸುಲಭವಲ್ಲ. ಗಾಳಿ (ಖಾಲಿ ಬ್ಲಾಕ್‌ಗಳು) ಬಿಟ್ಟು ಅಂಟಿಸಿದರೆ ನಡುಮನೆಯಲ್ಲಿ ಮರ ಇರುತ್ತದೆ, ಗಾಳಿ ಸಮೇತ ಅಂಟಿಸಿದರೆ ಮನೆ ಸುತ್ತ ಗುಡ್ಡಕ್ಕೆ ಚೌಕಾಕಾರದ ಹೊಂಡ ಬೀಳುತ್ತದೆ. ಪರಿಹಾರ ಇದು: ಚೌಕದ ಹೊರಮೈಯಿಂದ ಒಳಕ್ಕೆ ಗಾಳಿಯನ್ನು ಹಿಂಬಾಲಿಸುವ ಸಣ್ಣ ಸ್ಕ್ರಿಪ್ಟ್, ಹೊರಗಿನ ಗಾಳಿಯನ್ನು ಸ್ಟ್ರಕ್ಚರ್ ವಾಯ್ಡ್ ಎಂಬ ಕಾಣದ ಬ್ಲಾಕ್ ಆಗಿ ಗುರುತಿಸುತ್ತದೆ. ಅಂಟಿಸುವಾಗ ಅದನ್ನು ಬಿಟ್ಟು, ಒಳಕೋಣೆಯ ಗಾಳಿಯನ್ನು ಮಾತ್ರ ಇಳಿಸುತ್ತೇನೆ. ಬಾಗಿಲು, ಕಿಟಕಿ ಇಲ್ಲದ ತೆರೆದ ಜಗಲಿಗಳಲ್ಲಿ ಸ್ಕ್ರಿಪ್ಟ್ ಒಳಗೂ ನುಗ್ಗುತ್ತದೆ, ಅಲ್ಲಿ ಕೈಯಿಂದ ಮುಚ್ಚಬೇಕು. 55ರಲ್ಲಿ ಐವತ್ತೊಂದು ಮನೆ ಒಂದು ಇಟ್ಟಿಗೆ ಅಲುಗದೆ ಕೂತವು. ಇದನ್ನು ಯಾರ ಮುಂದೆ ಬೇಕಾದರೂ ಹೇಳಿಕೊಳ್ಳುತ್ತೇನೆ.

ಇನ್ನು ಹಣ. ಮೊದಲು ಸರ್ವರ್ ಅಂಗಡಿ ಬಿದಿರು, ಕಬ್ಬು ಎಲ್ಲವನ್ನೂ ಕೊಳ್ಳುತ್ತಿತ್ತು. ತಾನೇ ಕೊಯ್ಯುವ ತೋಟಗಳು ರಾತ್ರಿಯಿಡೀ ನಾಣ್ಯ ಟಂಕಿಸಿದವು. ಚಲಾವಣೆಯಲ್ಲಿದ್ದ ಹಣ ಮೂರು ತಿಂಗಳಲ್ಲಿ 2 ಲಕ್ಷದಿಂದ 11 ಲಕ್ಷಕ್ಕೆ ಏರಿತು. ಎರಡು ಚಂಕ್‌ನ ನಿವೇಶನ 4,000ದಿಂದ 38,000ಕ್ಕೆ ಹೋಯಿತು, ಹೊಸಬರು ಬಂದ ದಾರಿಗೇ ಹೋದರು. ಈಗ ಅಂಗಡಿ ಮಾರುತ್ತದೆ, ಏನನ್ನೂ ಕೊಳ್ಳುವುದಿಲ್ಲ. ನಾಣ್ಯ ಹುಟ್ಟುವುದು ಆಟದ ಕಾರ್ಯಗಳಿಂದ (ಕ್ವೆಸ್ಟ್) ಮಾತ್ರ, ಅದಕ್ಕೆ ದಿನದ ಮಿತಿ ಇದೆ. ನಿಯಮಿತವಾಗಿ ಆಡುವವನಿಗೆ ವಾರಕ್ಕೆ 900ರಷ್ಟು ಸಿಗುತ್ತದೆ.

ಕಂದಾಯ ಮೂರನೇ ಸಲಕ್ಕೆ ಸರಿಹೋಯಿತು. ತಲೆಗಿಷ್ಟು ಎಂದಾಗ ಶ್ರೀಮಂತರಿಗೆ ತಟ್ಟಲಿಲ್ಲ, ಹೊಸಬರ ಮನೆ ಹೋಯಿತು. ಒಬ್ಬನ ಒಟ್ಟು ಜಮೀನಿನ ಮೇಲೆ ಏರುವ ದರ ಹಾಕಿದಾಗ ಬೇನಾಮಿ ಖಾತೆಗಳು ಹುಟ್ಟಿದವು, ಒಬ್ಬನಿಗೆ ಏಳು. ಈಗಿನ ಲೆಕ್ಕ ಒಡೆಯನ ಮೇಲಲ್ಲ, ಒಂದಕ್ಕೊಂದು ಅಂಟಿದ ಜಮೀನಿನ ಮೇಲೆ. ಮೊದಲ 256 ಚದರ ಬ್ಲಾಕ್ ಉಚಿತ, 1,024ರ ತನಕ ಚದರಕ್ಕೆ ವಾರಕ್ಕೆ ಕಾಲು ನಾಣ್ಯ, ಅದರಾಚೆ ಒಂದು ನಾಣ್ಯ. ನಾಲ್ಕು ಚಂಕ್ ಮನೆಗೆ 192 ಬರುತ್ತದೆ, ಗಳಿಕೆಯ ಐದನೇ ಒಂದು ಭಾಗ. ನಡುಭಾಗದಲ್ಲಿ ಇದು ಎರಡು ಪಟ್ಟು, ಮೊದಲ ಸುತ್ತಿನಲ್ಲಿ ಒಂದೂವರೆ, ಆಚೆಗೆ ಇಷ್ಟೇ. ಹೊಸ ಸುತ್ತಿನಲ್ಲಿ ಮೊದಲ ಮೂವತ್ತು ದಿನ ಕಂದಾಯವಿಲ್ಲ. ಅಂಟದ ಹಾಗೆ ನಡುವೆ ಓಣಿ ಬಿಟ್ಟು ಬೇನಾಮಿ ಮಾಡುವವರನ್ನು ಹಿಡಿಯಲು ಇನ್ನೊಂದು ಅಳತೆ ಇದೆ. ಅದನ್ನು ಬರೆದರೆ ನಾಳೆಯೇ ಕೆಲಸ ಮಾಡುವುದು ನಿಲ್ಲುತ್ತದೆ, ಹಾಗಾಗಿ ಬರೆಯುವುದಿಲ್ಲ.

ಮೂರು ವಾರ ಕಂದಾಯ ಬಾರದಿದ್ದರೆ ಬಾಗಿಲಿಗೆ ಫಲಕ. ಮಾಲೀಕನಿಗೆ ಸಂದೇಶ ಕಳಿಸುವುದಕ್ಕಿಂತ ಈ ಫಲಕ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಅಕ್ಕಪಕ್ಕದವರು ನೋಡಿ ಅವನಿಗೆ ತಿಳಿಸುತ್ತಾರೆ. 45 ದಿನಕ್ಕೆ ಮನೆ ಪೆಟ್ಟಿಗೆ ಸೇರುತ್ತದೆ. ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟದಲ್ಲೂ ಕಾಲಿಡದ ಮನೆಗೆ 45 ದಿನವೇ ಗಡುವು, ಜನಕ್ಕೆ ಆ ಅಂಕಿ ಪರಿಚಿತ, ವಾದ ಕಡಿಮೆ. ಪೆಟ್ಟಿಗೆಗೆ ಅವಧಿ ಇಲ್ಲ. ವರ್ಷದ ಮೇಲೆ ಬಂದರೂ ಮನೆ ಹಾಗೇ ಸಿಗುತ್ತದೆ, ಜಾಗ ಮಾತ್ರ ಬೇರೆ. ಕೆಡವುತ್ತಾರೆ ಎಂಬ ಭಯ ಹೋದ ಮೇಲೆ ಬಿಟ್ಟುಹೋದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮರಳಿದ್ದಾರೆ.

ನಿವೇಶನ ಎಲ್ಲೆಂದರಲ್ಲಿ ಇಲ್ಲ. ರಸ್ತೆಯಿಂದ 64 ಬ್ಲಾಕ್ ಒಳಗೆ, ಸುತ್ತಿಗೆ 24 ಮಾತ್ರ. ಉಳಿದದ್ದು ಕಾಡು, ಯಾರೂ ಹಿಡಿಯುವಂತಿಲ್ಲ. ನಡುಭಾಗದ 60 ಸೇರಿ ಈಗ 156. ಖಾಲಿ ನಿವೇಶನ ಎಂಟನೇ ಒಂದು ಭಾಗಕ್ಕಿಂತ ಕಡಿಮೆಯಾಗಬೇಕು, ಫಲಕ ಬಿದ್ದ ಪಾಳುಮನೆಗಳೆಲ್ಲ ಪೆಟ್ಟಿಗೆ ಸೇರಿರಬೇಕು, ಹಿಂದಿನ ಸುತ್ತಿನ ಕಾರ್ಯಗಳನ್ನು ಅರ್ಧದಷ್ಟು ಜನ ಮುಗಿಸಿರಬೇಕು. ಆಗ ಮಾತ್ರ ಮುಂದಿನ ಸುತ್ತು. ಹಂಚಿಕೆಗೆ ಮೊದಲು ಬಂದವರಿಗೆ ಮೊದಲು ಎಂದಾಗ ಗಡಿಗೆ ಮೂಗು ಒತ್ತಿಕೊಂಡು ಇಪ್ಪತ್ತು ಜನ ನಿಂತರು, ಗಡಿ ಸರಿದ ಕ್ಷಣಕ್ಕೆ ಸರ್ವರ್ ಬಿತ್ತು. ಹರಾಜು ಹಾಕಿದಾಗ ಮೂವರೇ ಎಲ್ಲ ಕೊಂಡರು. ಲಾಟರಿಯೇ ಉಳಿಯಿತು: 48 ಗಂಟೆ ಅರ್ಜಿ, ಕಾಲು ಭಾಗ ಠೇವಣಿ, ಗೆಲ್ಲದವರಿಗೆ ಪೂರ್ತಿ ವಾಪಸ್. ಫೈನಲ್ ಫ್ಯಾಂಟಸಿ 14 ಕೂಡ 2022ರಲ್ಲಿ ಲಾಟರಿಗೇ ಬಂತು.

ನಡುವೆ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಹೊರಗೆ ಪುಟ್ಟ ಗುಡಿಸಲು, ಬಾಗಿಲು ದಾಟಿದರೆ ಶೂನ್ಯಲೋಕದಲ್ಲಿ ದೊಡ್ಡ ಒಳಮನೆ. ಒಳಮನೆಗಳನ್ನು 512ರ ಅಂತರದಲ್ಲಿ ಇಟ್ಟರೆ ಮನೆಗೊಂದು ರೀಜನ್ ಫೈಲ್. ಮನೆ ತೆಗೆಯುವುದೆಂದರೆ ಫೈಲ್ ಅಳಿಸುವುದು, ಬ್ಯಾಕಪ್ ಹಾಕುವುದೆಂದರೆ ಒಂದು ಫೈಲ್ ನಕಲಿಸುವುದು. ತಾಂತ್ರಿಕವಾಗಿ ಇದಕ್ಕಿಂತ ಚೊಕ್ಕ ವ್ಯವಸ್ಥೆ ಇಲ್ಲ. ಆದರೆ ಎರಡೇ ವಾರಕ್ಕೆ ಬೀದಿಗಳು ಭಣಗುಟ್ಟಿದವು, ಎಲ್ಲರೂ ಒಳಗೆ. ಈಗ ಸಂಘಗಳ ಉಗ್ರಾಣಕ್ಕೆ ಮಾತ್ರ ಅದನ್ನು ಬಳಸುತ್ತೇನೆ. ಅಲಂಕಾರಕ್ಕೆ ಐಟಂ ಫ್ರೇಮ್ ಬದಲು 1.19.4ರಲ್ಲಿ ಬಂದ ಡಿಸ್ಪ್ಲೇ ಎಂಟಿಟಿ (ವಸ್ತುವನ್ನು ಬರೀ ತೋರಿಸುವಂಥದ್ದು) ಕೊಡುವುದೂ ಆ ಪ್ರಯೋಗದಿಂದಲೇ ಬಂದದ್ದು. ಚಂಕ್‌ಗೆ 40ರ ಮಿತಿ ಹಾಕಿದ್ದೇನೆ, ಮಾರುಕಟ್ಟೆ ಬೀದಿಯಲ್ಲಿ ಪರದೆಯ ಫ್ರೇಮ್ ದರ (ಎಫ್‌ಪಿಎಸ್) ಎದ್ದು ಕಾಣುವಷ್ಟು ಸುಧಾರಿಸಿದೆ.

ಬ್ಯಾಕಪ್ ಈಗ ನಕಲು ತುಣುಕುಗಳನ್ನು ಬಿಟ್ಟು ಬದಲಾದದ್ದನ್ನು ಮಾತ್ರ ಇಡುವ ಬಗೆಯದು. ಅದಕ್ಕೆ ಕೊಡುವ ಮುಂಚೆ ಲೋಕವನ್ನು ಜಿಪ್ ಮಾಡಬಾರದು, ಮಾಡಿದರೆ ತುಣುಕುಗಳು ಹೊಂದದೆ ಪ್ರತಿದಿನವೂ ಪೂರ್ತಿ ಪ್ರತಿಯೇ ಕೂರುತ್ತದೆ. ಮೇಲ್ಲೋಕ 3 ಜಿಬಿ, ಎಲ್ಲ ಸೇರಿ 5ರ ಹತ್ತಿರ, ಬ್ಯಾಕಪ್ ಬಾಡಿಗೆ ಹಳೆಯದರ ಹತ್ತನೇ ಒಂದು ಭಾಗ. ಐದನೇ ಸುತ್ತಿಗೆ 68 ಫೈಲ್ ಬೇಕು, 69,632 ಚಂಕ್. ಖಾಲಿ ನಿವೇಶನ ಈಗ 16, ಅಂದರೆ ಎಂಟನೇ ಒಂದು ಭಾಗಕ್ಕಿಂತ ಕೆಳಗೇ ಇದೆ. ಆದರೆ ಫಲಕ ಬಿದ್ದ ಮೂರು ಮನೆಗಳು ಇನ್ನೂ 45 ದಿನ ಮುಟ್ಟಿಲ್ಲ. ಅವು ಪೆಟ್ಟಿಗೆ ಸೇರುವ ತನಕ ಗಡಿ ಸರಿಯುವುದಿಲ್ಲ.